ಓವರ್‌ಕ್ಲಾಕ್ ಮಾಡಿದ ಪಿಸಿ ಇಪ್ಪತ್ತು ನಿಮಿಷಕ್ಕೇ ಯಾಕೆ ಸುಸ್ತಾಗುತ್ತದೆ?

ಪ್ರಶ್ನೆ: ನಾನು ಕಲಬುರಗಿಯವನು, ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನನ್ನ ಪಿಸಿಯಲ್ಲಿ ರೈಜೆನ್ 5 3600 ಪ್ರೊಸೆಸರ್, 16 ಜಿಬಿ ಡಿಡಿಆರ್4-3600 ರ‍್ಯಾಮ್, 750 ವ್ಯಾಟ್ ಪವರ್ ಸಪ್ಲೈ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್‌ಗೆ ಕೊಂಡ ಆರ್‌ಟಿಎಕ್ಸ್ 3070 ಟಿಐ ಗ್ರಾಫಿಕ್ಸ್ ಕಾರ್ಡ್ ಇವೆ. ಡಿಸೆಂಬರ್‌ನಲ್ಲಿ ವಿಡಿಯೊ ನೋಡಿಕೊಂಡು ಓವರ್‌ಕ್ಲಾಕ್ ಮಾಡಿದೆ, ಅಂದರೆ ಕಂಪನಿ ಇಟ್ಟದ್ದಕ್ಕಿಂತ ಹೆಚ್ಚಿನ ವೇಗಕ್ಕೆ ಏರಿಸಿದೆ. ಪ್ರೊಸೆಸರ್‌ನ ಎಲ್ಲ ಕೋರ್‌ಗಳೂ 4.2 ಗಿಗಾಹರ್ಟ್ಸ್, 1.35 ವೋಲ್ಟ್. ಕಾರ್ಡ್‌ನ ವೇಗ ಹೊಂದಿಸುವ ಆಫ್ಟರ್‌ಬರ್ನರ್ ಪ್ರೋಗ್ರಾಮ್‌ನಲ್ಲಿ ಕಾರ್ಡ್‌ನ ಕೋರ್‌ಗೆ +120, ಮೆಮೊರಿಗೆ +1000 ಮೆಗಾಹರ್ಟ್ಸ್. ಆಗ ಸೈಬರ್‌ಪಂಕ್ 2077 ಗೇಮ್ ಆರಾಮಾಗಿ 70 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಕೊಡುತ್ತಿತ್ತು. ಏಪ್ರಿಲ್‌ನಿಂದ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ 45ಕ್ಕೆ ಬೀಳುತ್ತದೆ. ಕಾರ್ಡ್‌ನ ಕ್ಲಾಕ್ 1900ರಿಂದ 1400 ಮೆಗಾಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತದೆ, ಆದರೆ ಜಿಪಿಯು (ಕಾರ್ಡ್‌ನ ಮುಖ್ಯ ಚಿಪ್) ಟೆಂಪರೇಚರ್ 76 ಡಿಗ್ರಿ ಮಾತ್ರ. ಕ್ರ್ಯಾಶ್ ಇಲ್ಲ, ನೀಲಿ ಪರದೆ ಇಲ್ಲ. ರೀಸ್ಟಾರ್ಟ್ ಮಾಡಿದರೆ ಐದೇ ನಿಮಿಷದಲ್ಲಿ ಮತ್ತೆ ಅದೇ ಕಥೆ. ಒಂದು ಗಂಟೆ ಆಫ್ ಮಾಡಿಟ್ಟರೆ ಸರಿಹೋಗುತ್ತದೆ. ವ್ಯಾಲೊರಂಟ್ ಗೇಮ್‌ನಲ್ಲಿ ಹೀಗೆ ಬೀಳುವುದಿಲ್ಲ, ಆದರೂ ಮೊದಲಿನಷ್ಟು ಎಫ್‌ಪಿಎಸ್ ಬರುತ್ತಿಲ್ಲ. ಕರೆಂಟ್ ಹೋಗಿ ಬಂದ ದಿನಗಳಿಂದ ನಡುನಡುವೆ ತಡವರಿಸುತ್ತದೆ. ಅಂಗಡಿಯವರು ‘ಚಿಪ್ ಸವೆದಿದೆ, ಫಾರ್ಮ್ಯಾಟ್ ಮಾಡಿ ನೋಡಿ, ಆಗದಿದ್ದರೆ ಕಾರ್ಡ್ ಮಾರಿಬಿಡಿ’ ಅಂದರು. ಒಬ್ಬ ಗೆಳೆಯ ‘ವೋಲ್ಟೇಜ್ ಸಾಲುತ್ತಿಲ್ಲ, ಏರಿಸು’ ಅನ್ನುತ್ತಾನೆ. ಇನ್ನೊಬ್ಬ ‘850 ವ್ಯಾಟ್ ಪವರ್ ಸಪ್ಲೈ ಹಾಕು’ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಅದರಲ್ಲೂ ವೋಲ್ಟೇಜ್ ಏರಿಸುವ ಸಲಹೆಯನ್ನು ಖಂಡಿತ ಪಾಲಿಸಬೇಡಿ.

ನಿಮ್ಮ ಕಾಗದದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಸಂಖ್ಯೆಗಳಲ್ಲ, ರೀಸ್ಟಾರ್ಟ್ ಬಗ್ಗೆ ಬರೆದ ಎರಡು ವಾಕ್ಯಗಳು. ರೀಸ್ಟಾರ್ಟ್ ಮಾಡಿದಾಗ ಡ್ರೈವರ್, ಗೇಮ್, ತುಂಬಿಹೋದ ಮೆಮೊರಿ, ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್ ಎಲ್ಲವೂ ಹೊಸದಾಗಿ ಶುರುವಾಗುತ್ತವೆ. ಶಾಖ ಮಾತ್ರ ಎಲ್ಲಿದ್ದದ್ದು ಅಲ್ಲೇ ಇರುತ್ತದೆ. ರೀಸ್ಟಾರ್ಟ್‌ಗೆ ಬಗ್ಗದ ತೊಂದರೆ ಒಂದು ಗಂಟೆಯ ವಿಶ್ರಾಂತಿಗೆ ಬಗ್ಗುತ್ತದೆ ಎಂದರೆ ಕಾರಣ ಸಾಫ್ಟ್‌ವೇರ್‌ನಲ್ಲಿಲ್ಲ, ಬಿಸಿಯಲ್ಲಿದೆ. ಹಾಗಾಗಿ ಫಾರ್ಮ್ಯಾಟ್ ಮಾಡಿ ಒಂದು ಭಾನುವಾರ ಹಾಳುಮಾಡಿಕೊಳ್ಳುವ ಅಗತ್ಯವಿಲ್ಲ.

‘ಚಿಪ್ ಸವೆದಿದೆ’ ಎಂಬ ಮಾತು ಅಂಗಡಿಗಳಲ್ಲಿ ಬಹಳ ಚಾಲ್ತಿಯಲ್ಲಿದೆ, ಅದರ ಭಯಕ್ಕೆ ಒಳ್ಳೆಯ ಕಾರ್ಡ್‌ಗಳು ಅಗ್ಗಕ್ಕೆ ಕೈಬದಲಾಗುವುದನ್ನು ನೋಡುತ್ತಲೇ ಇದ್ದೇನೆ. ಹೆಚ್ಚು ವೋಲ್ಟೇಜ್, ಹೆಚ್ಚು ಬಿಸಿ ಕೊಟ್ಟರೆ ಚಿಪ್ ವರ್ಷಗಳಲ್ಲಿ ಸವೆಯುವುದು ನಿಜ. ಆದರೆ ಸವೆದ ಚಿಪ್ ಸಾಮಾನ್ಯವಾಗಿ ನಿಧಾನವಾಗುವುದಿಲ್ಲ. ಅದೇ ವೇಗಕ್ಕೆ ಮೊದಲಿಗಿಂತ ಹೆಚ್ಚು ವೋಲ್ಟೇಜ್ ಬೇಡುತ್ತದೆ. ಅದು ಸಿಗದಾಗ ಲೆಕ್ಕ ತಪ್ಪುತ್ತದೆ. ಗೇಮ್ ಮುಚ್ಚಿಹೋಗುತ್ತದೆ, ನೀಲಿ ಪರದೆ ಬರುತ್ತದೆ, ಪಿಸಿ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಆದದ್ದು ಇದೇ. ಅತಿಯಾದ ವೋಲ್ಟೇಜ್‌ನಿಂದ ಚಿಪ್‌ಗಳು ನಿಜಕ್ಕೂ ಹಾಳಾಗುತ್ತಿದ್ದವು. 2024ರ ಆಗಸ್ಟ್‌ನಲ್ಲಿ ಇಂಟೆಲ್ 0x129 ಎಂಬ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗಿನ ಸಾಫ್ಟ್‌ವೇರ್) ಕೊಟ್ಟು ಪ್ರೊಸೆಸರ್ ಕೇಳಬಹುದಾದ ವೋಲ್ಟೇಜ್‌ಗೆ 1.55 ವೋಲ್ಟ್ ಮಿತಿ ಹಾಕಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆ ಚಿಪ್‌ಗಳ ಬಳಕೆದಾರರು ದೂರಿದ್ದು ಎಫ್‌ಪಿಎಸ್ ಕಡಿಮೆಯಾಯಿತೆಂದಲ್ಲ. ಗೇಮ್ ತೆರೆಯುವಾಗಲೇ ಕ್ರ್ಯಾಶ್ ಆಗುತ್ತದೆ, ವಿಡಿಯೊ ಮೆಮೊರಿ ಸಾಲದು ಎಂಬ ಸುಳ್ಳು ಎಚ್ಚರಿಕೆ ಬರುತ್ತದೆ ಎಂದು. ನಿಮ್ಮ ಪಿಸಿಯಲ್ಲಿ ಇಂಥದ್ದೇನೂ ಇಲ್ಲ.

ಪವರ್ ಸಪ್ಲೈ ವಿಷಯವೂ ಇಷ್ಟೇ. ಅದು ಸೋತರೆ ಪಿಸಿ ಫಟ್ ಎಂದು ಆಫ್ ಆಗುತ್ತದೆ, ಇಲ್ಲವೇ ಪರದೆ ಕಪ್ಪಾಗಿ ಫ್ಯಾನ್‌ಗಳು ಜೋರಾಗಿ ತಿರುಗುತ್ತವೆ. 3070 ಟಿಐ ಕಾರ್ಡ್‌ನ ಮೂಲ ಮಿತಿ 290 ವ್ಯಾಟ್, ನಿಮ್ಮ ಪ್ರೊಸೆಸರ್‌ನದು 88 ವ್ಯಾಟ್. ಓವರ್‌ಕ್ಲಾಕ್, ಫ್ಯಾನ್, ಡಿಸ್ಕ್ ಎಲ್ಲ ಸೇರಿಸಿದರೂ ಒಳ್ಳೆಯ 750 ವ್ಯಾಟ್ ಸಪ್ಲೈಗೆ ಇದು ಭಾರವಲ್ಲ. ಆ ದುಡ್ಡು ಉಳಿಸಿ.

ಹಾಗಾದರೆ ನಿಧಾನ ಮಾಡುತ್ತಿರುವವರು ಯಾರು? ಕಾರ್ಡ್ ತಾನೇ, ಬೇಕೆಂದೇ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳು ತಮ್ಮ ಬಿಸಿ, ತಾವು ಎಳೆಯುವ ವಿದ್ಯುತ್, ವೋಲ್ಟೇಜ್ ಇವನ್ನು ಕ್ಷಣಕ್ಷಣಕ್ಕೂ ಅಳೆಯುತ್ತಿರುತ್ತವೆ. ಯಾವುದಾದರೂ ಒಂದು ಮಿತಿ ಮುಟ್ಟಿದರೆ ತಕ್ಷಣ ಕ್ಲಾಕ್ ಇಳಿಸುತ್ತವೆ. ಕ್ರ್ಯಾಶ್ ಇಲ್ಲದೆ ವೇಗ ಕುಸಿದರೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಮಿತಿ?

ಕೋರ್ 76 ಡಿಗ್ರಿಯಲ್ಲಿದೆ ಎಂದು ನೀವು ಸಮಾಧಾನಪಟ್ಟುಕೊಂಡಿದ್ದೀರಿ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಕೋರ್ ಬಿಸಿಯೇರಿದಂತೆ ಎನ್ವಿಡಿಯಾ ಕಾರ್ಡ್‌ಗಳು ಸುಮಾರು 15 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಇಳಿಯುತ್ತವೆ. 76 ಡಿಗ್ರಿಯಲ್ಲಿ ಮೂರ್ನಾಲ್ಕು ಮೆಟ್ಟಿಲು ಇಳಿದರೆ ಸಹಜ. ನಿಮ್ಮದು 500 ಇಳಿದಿದೆ. ಕೋರ್ ತಣ್ಣಗಿದ್ದೂ ಇಷ್ಟು ಇಳಿದರೆ ಬೇರೇನೋ ಬಿಸಿಯಾಗುತ್ತಿದೆ ಎಂದರ್ಥ. 3070 ಟಿಐನಲ್ಲಿ ಆ ‘ಬೇರೇನೋ’ ಬಹುಪಾಲು ಸಲ ಅದರ ಮೆಮೊರಿಯೇ ಆಗಿರುತ್ತದೆ. 3070ಗೆ ಸಾಮಾನ್ಯ ಜಿಡಿಡಿಆರ್6 ಹಾಕಿದ್ದರು. 3070 ಟಿಐ, 3080, 3090 ಕಾರ್ಡ್‌ಗಳಿಗೆ ಹಾಕಿದ್ದು ಜಿಡಿಡಿಆರ್6ಎಕ್ಸ್. ಇದು ವೇಗದ ಮೆಮೊರಿ, ಹಾಗೆಯೇ ಬಹಳ ಬಿಸಿಯಾಗುವ ಮೆಮೊರಿ. ಅದರ ಒಳಗಿನ ಬಿಸಿ 110 ಡಿಗ್ರಿ ಸುಮಾರಿಗೆ ಬಂದರೆ ಕಾರ್ಡ್ ತನ್ನ ವೇಗ ತಗ್ಗಿಸುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಎಲ್ಲರೂ ನೋಡುವ ‘ಜಿಪಿಯು ಟೆಂಪರೇಚರ್’ ಸಾಲಿನಲ್ಲಿ ಈ ಅಂಕಿ ಇರುವುದೇ ಇಲ್ಲ.

ಇಂದೇ ಪಿಸಿಯ ಒಳಗಿನ ಅಳತೆಗಳನ್ನು ತೋರಿಸುವ ಎಚ್‌ಡಬ್ಲ್ಯುಇನ್ಫೊ ಪ್ರೋಗ್ರಾಮ್ ಹಾಕಿಕೊಂಡು ಸೆನ್ಸರ್ ಪಟ್ಟಿಯಲ್ಲಿ ‘ಜಿಪಿಯು ಮೆಮೊರಿ ಜಂಕ್ಷನ್ ಟೆಂಪರೇಚರ್’ ಎಂಬ ಸಾಲು ಹುಡುಕಿ. ಅದರ ಹತ್ತಿರದಲ್ಲೇ ‘ಪರ್ಫಾರ್ಮೆನ್ಸ್ ಲಿಮಿಟ್’ ಎಂದು ಶುರುವಾಗುವ ಸಾಲುಗಳಿರುತ್ತವೆ. ಲಾಗಿಂಗ್ (ಅಂಕಿಗಳನ್ನು ಫೈಲ್‌ಗೆ ದಾಖಲಿಸುವುದು) ಆನ್ ಮಾಡಿ ಅರ್ಧ ಗಂಟೆ ಆಡಿ. ಎಫ್‌ಪಿಎಸ್ ಬಿದ್ದ ಹೊತ್ತಿಗೆ ಮೆಮೊರಿ 108, 110 ತೋರಿಸುತ್ತಿದ್ದು, ಥರ್ಮಲ್ ಲಿಮಿಟ್ ಎದುರು ‘ಯೆಸ್’ ಎಂದಿದ್ದರೆ ಕಾರಣ ಸಿಕ್ಕಿತು. ಮೆಮೊರಿ 95ರ ಒಳಗಿದ್ದೂ ಕ್ಲಾಕ್ ಬಿದ್ದಿದ್ದರೆ ‘ಪವರ್’ ಸಾಲನ್ನೂ ‘ಹಾಟ್ ಸ್ಪಾಟ್’ (ಚಿಪ್‌ನ ಅತಿ ಬಿಸಿಯಾದ ಜಾಗ) ಬಿಸಿಯನ್ನೂ ನೋಡಿ. ಹಾಟ್ ಸ್ಪಾಟ್ ಕೋರ್‌ಗಿಂತ 20 ಡಿಗ್ರಿಗೂ ಮೇಲಿದ್ದರೆ ಕೋರ್ ಮೇಲಿನ ಶಾಖ ದಾಟಿಸುವ ಪೇಸ್ಟ್ ಒಣಗಿದೆ, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ.

ಡಿಸೆಂಬರ್‌ನಲ್ಲಿ ಸರಿಯಿದ್ದದ್ದು ಏಪ್ರಿಲ್‌ನಲ್ಲಿ ಯಾಕೆ ಕೆಟ್ಟಿತು ಎಂಬುದಕ್ಕೆ ಉತ್ತರ ನಿಮ್ಮ ಊರಿನಲ್ಲೇ ಇದೆ. ಹೀಟ್‌ಸಿಂಕ್ ಶಾಖವನ್ನು ಇಲ್ಲವಾಗಿಸುವುದಿಲ್ಲ, ಕೋಣೆಯ ಗಾಳಿಗೆ ದಾಟಿಸುತ್ತದೆ ಅಷ್ಟೆ. ಕೋಣೆ ಎಷ್ಟು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರ್ ರಾತ್ರಿ ಕೋಣೆ 22 ಡಿಗ್ರಿ, ಮೆಮೊರಿ 94 ಇತ್ತು ಎಂದುಕೊಳ್ಳಿ. ಏಪ್ರಿಲ್‌ನಲ್ಲಿ ಹೊರಗೆ 40 ದಾಟಿ, ತಾರಸಿ ಕೆಳಗಿನ ಕೋಣೆ ಸಂಜೆಗೂ 38ರಲ್ಲಿದ್ದರೆ ಅದೇ ಮೆಮೊರಿ 110 ಮುಟ್ಟುತ್ತದೆ. ಏನೂ ಕೆಡದೆಯೇ. ಓವರ್‌ಕ್ಲಾಕ್ ವಿಡಿಯೊಗಳಲ್ಲಿ ಬಹುಪಾಲು ಎಸಿ ಕೋಣೆಯಲ್ಲೋ ತಣ್ಣನೆಯ ದೇಶದಲ್ಲೋ ಮಾಡಿದವು. ಅಲ್ಲಿನ +1000 ಇಲ್ಲಿಯ ಮೇ ತಿಂಗಳಿಗೆ ಹೊಂದಬೇಕೆಂದಿಲ್ಲ. ರಾಯಚೂರು, ಬಳ್ಳಾರಿ, ವಿಜಯಪುರದ ಕಡೆಯಿಂದ ಬರುವ ಪಿಸಿಗಳಿಗೆ ನಾನು ಯಾವಾಗಲೂ ಬೇಸಿಗೆಯ ಮಧ್ಯಾಹ್ನವನ್ನೇ ಅಳತೆಯಾಗಿ ಇಟ್ಟುಕೊಳ್ಳುತ್ತೇನೆ. ಆ ಹೊತ್ತಿಗೆ ನಿಂತ ಸೆಟ್ಟಿಂಗ್ ವರ್ಷವಿಡೀ ನಿಲ್ಲುತ್ತದೆ.

ಕಾರ್ಡ್ ಸೆಕೆಂಡ್ ಹ್ಯಾಂಡ್ ಎನ್ನುವುದನ್ನೂ ಗಮನಿಸಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯಕ್ಕೆ ಗ್ರಾಫಿಕ್ಸ್ ಕಾರ್ಡ್‌ನಿಂದ ಮೈನಿಂಗ್ ಮಾಡುವುದು (ಲೆಕ್ಕ ಓಡಿಸಿ ನಾಣ್ಯ ಗಳಿಸುವುದು) ನಿಂತುಹೋಯಿತು. ಮೈನಿಂಗ್‌ಗೆ ದುಡಿದ ರಾಶಿ ರಾಶಿ ಕಾರ್ಡ್‌ಗಳು ಹಳೆ ಮಾರುಕಟ್ಟೆಗೆ ಬಂದವು. ಮೈನಿಂಗ್‌ನಲ್ಲಿ ಕೋರ್‌ಗಿಂತ ಮೆಮೊರಿಗೇ ಹೆಚ್ಚು ಕೆಲಸ. ತಿಂಗಳುಗಟ್ಟಲೆ ಹಗಲಿರುಳು ಬೆಂದ ಕಾರ್ಡ್‌ನ ಮೆಮೊರಿ ಮೇಲಿನ, ಶಾಖವನ್ನು ಹೀಟ್‌ಸಿಂಕ್‌ಗೆ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳು ಎಣ್ಣೆ ಬಿಟ್ಟು ಗಟ್ಟಿಯಾಗಿರುತ್ತವೆ. ಕೋರ್ 76ರಲ್ಲಿ, ಮೆಮೊರಿ ಮಾತ್ರ ಕುದಿಯುವುದು ಇಂಥ ಕಾರ್ಡ್‌ಗಳಲ್ಲಿ ಸಾಮಾನ್ಯ. ನಿಮ್ಮದೂ ಹಾಗೇ ಇರಬೇಕೆಂದಿಲ್ಲ. ಇದ್ದರೂ ಗಾಬರಿ ಬೇಡ. ಪ್ಯಾಡ್ ಬದಲಾಯಿಸಬಹುದು.

ಇನ್ನು ಆ +1000. ಇದರಲ್ಲಿ ಬಿಸಿಯ ಹೊರತಾಗಿ ಇನ್ನೊಂದು ಬಲೆ ಇದೆ. ಹಳೆಯ ಕಾರ್ಡ್‌ಗಳಲ್ಲಿ ಮೆಮೊರಿಯನ್ನು ಅತಿಯಾಗಿ ಎಳೆದರೆ ಪರದೆ ಮೇಲೆ ಚುಕ್ಕೆ, ಪಟ್ಟೆ ಬಂದು ನಮಗೆ ಗೊತ್ತಾಗುತ್ತಿತ್ತು. ಜಿಡಿಡಿಆರ್6ಎಕ್ಸ್ ಇರುವ ಈ ಕಾರ್ಡ್‌ಗಳು ಮಾಹಿತಿ ಸಾಗಿಸುವಾಗ ಆದ ತಪ್ಪನ್ನು ತಾವೇ ಹಿಡಿದು, ಆ ತುಣುಕನ್ನು ಮತ್ತೆ ಕಳಿಸುತ್ತವೆ. ಪರದೆ ಶುಭ್ರವಾಗಿರುತ್ತದೆ, ಕ್ರ್ಯಾಶ್ ಆಗುವುದಿಲ್ಲ, ಆದರೆ ಮತ್ತೆ ಮತ್ತೆ ಕಳಿಸುವ ಕೆಲಸದಲ್ಲಿ ವೇಗ ಸೋರುತ್ತದೆ. ಆಫ್ಟರ್‌ಬರ್ನರ್ ಮಾತ್ರ ಮೆಮೊರಿ ಕ್ಲಾಕ್ ಎತ್ತರದಲ್ಲಿದೆ ಎಂದೇ ತೋರಿಸುತ್ತದೆ. ಹಾಗಾಗಿ ‘ಕ್ರ್ಯಾಶ್ ಆಗಲಿಲ್ಲ, ಅಂದರೆ ಸ್ಥಿರವಾಗಿದೆ’ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಸೊನ್ನೆಯಿಂದ ಶುರುಮಾಡಿ 250ರಂತೆ ಏರಿಸುತ್ತ, ಪ್ರತಿ ಸಲವೂ ಅದೇ ಬೆಂಚ್‌ಮಾರ್ಕ್ ಓಡಿಸಿ ಅಂಕ ಬರೆದಿಡಿ. ಒಂದು ಹಂತದಲ್ಲಿ ಅಂಕ ಏರುವುದು ನಿಂತು ಇಳಿಯತೊಡಗುತ್ತದೆ. ಆ ಹಂತಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಿಸಿ.

ಈಗ ನಿಮ್ಮ ಗೆಳೆಯನ ವೋಲ್ಟೇಜ್ ಸಲಹೆ. ಚಿಪ್ ಕೆಲಸ ಮಾಡುವಾಗ ಹುಟ್ಟುವ ಶಾಖ ಕ್ಲಾಕ್ ಏರಿದಷ್ಟೇ ಏರುತ್ತದೆ, ಆದರೆ ವೋಲ್ಟೇಜ್‌ಗೆ ಅದರ ವರ್ಗದಷ್ಟು ಏರುತ್ತದೆ. ಲೆಕ್ಕ ಹಾಕಿ ನೋಡಿ: 4.0 ಗಿಗಾಹರ್ಟ್ಸ್‌ಗೆ 1.2 ವೋಲ್ಟ್ ಸಾಕಾಗಿದ್ದ ಪ್ರೊಸೆಸರನ್ನು 1.35 ವೋಲ್ಟ್ ಕೊಟ್ಟು 4.2ಕ್ಕೆ ಏರಿಸಿದರೆ ವೇಗ ಶೇ. 5 ಹೆಚ್ಚಿತು, ಶಾಖ ಶೇ. 33 ಹೆಚ್ಚಿತು. ಬಿಸಿಯಾದ ಚಿಪ್ ಸುಮ್ಮನೆ ಸೋರಿಸುವ ವಿದ್ಯುತ್ತೂ ಜಾಸ್ತಿ, ಅದು ಇದರ ಮೇಲಿನ ಹೊರೆ. ಬಿಸಿಯಿಂದ ಸೋಲುತ್ತಿರುವ ಪಿಸಿಗೆ ವೋಲ್ಟೇಜ್ ಏರಿಸಿದರೆ ಇನ್ನೂ ಬೇಗ ಸೋಲುತ್ತದೆ. ಸವೆತವೂ ಆಗ ನಿಜಕ್ಕೂ ಶುರುವಾಗುತ್ತದೆ.

ವ್ಯಾಲೊರಂಟ್ ತಡವರಿಸುವುದು ಬೇರೆಯೇ ಕಾಯಿಲೆ ಎಂದು ನನ್ನ ಊಹೆ. ಆ ಗೇಮ್‌ಗೆ ಗ್ರಾಫಿಕ್ಸ್ ಕಾರ್ಡ್‌ನ ಕೆಲಸ ಕಡಿಮೆ, ಪ್ರೊಸೆಸರ್ ಮತ್ತು ರ‍್ಯಾಮ್ ಮೇಲೆಯೇ ಅದರ ಓಟ. ಕರೆಂಟ್ ಹೋಗಿ ಬಂದ ಮೇಲೆ ಶುರುವಾಯಿತು ಎಂದಿದ್ದೀರಿ. ಪಿಸಿ ಆನ್ ಆಗುತ್ತಿರುವಾಗಲೇ ಎರಡು ಮೂರು ಸಲ ಕರೆಂಟ್ ಕೈಕೊಟ್ಟರೆ ಅನೇಕ ಮದರ್‌ಬೋರ್ಡ್‌ಗಳು ‘ಓವರ್‌ಕ್ಲಾಕ್ ವಿಫಲವಾಗಿದೆ’ ಎಂದು ತಿಳಿದು ಬಯಾಸ್‌ನ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡಿಬಿಡುತ್ತವೆ. ಆಗ ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗೂ ಹೋಗುತ್ತದೆ, ನಿಮ್ಮ 3600ರ ರ‍್ಯಾಮ್ ಸದ್ದಿಲ್ಲದೆ 2666ಕ್ಕೋ 2133ಕ್ಕೋ ಇಳಿಯುತ್ತದೆ. ರೈಜೆನ್‌ಗೆ ಇದು ದೊಡ್ಡ ಪೆಟ್ಟು, ಯಾಕೆಂದರೆ ಅದರ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ರ‍್ಯಾಮ್ ಜೊತೆಗೇ ಓಡುತ್ತದೆ. 3600ರ ರ‍್ಯಾಮ್ ಇದ್ದಾಗ 1800 ಮೆಗಾಹರ್ಟ್ಸ್‌ನಲ್ಲಿರುವ ಫ್ಯಾಬ್ರಿಕ್, 2666 ಆದಾಗ 1333ಕ್ಕೆ ಇಳಿಯುತ್ತದೆ.

ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ, ಸ್ಪೀಡ್ ಎಷ್ಟಿದೆ ನೋಡಿ. ಒಂದು ಎಚ್ಚರಿಕೆ: ಪ್ರೊಸೆಸರ್ 4.2 ತೋರಿಸುತ್ತಿದೆ, ಹಾಗಾಗಿ ನನ್ನ ಓವರ್‌ಕ್ಲಾಕ್ ಇನ್ನೂ ಇದೆ ಎಂದುಕೊಳ್ಳಬೇಡಿ. ರೈಜೆನ್ 5 3600 ಏನೂ ಮಾಡದಿದ್ದರೂ ಹಗುರ ಕೆಲಸದಲ್ಲಿ ತಾನಾಗಿ 4.2 ಮುಟ್ಟುವ ಚಿಪ್. ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿ ಮಲಗುವ ಅಭ್ಯಾಸವಿದ್ದು, ಬೆಳಿಗ್ಗೆ ಪಿಸಿ ತಪ್ಪು ತಾರೀಕು ತೋರಿಸುತ್ತಿದ್ದರೆ ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಮುಗಿದಿದೆ. ಗಡಿಯಾರದ ಅಂಗಡಿಯಲ್ಲೂ ಸಿಗುವ ಆ ಸೆಲ್ ಬದಲಿಸಿ, ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ.

ಮುಂದೆ ಏನು ಮಾಡಬಹುದು ಎಂಬುದಕ್ಕೆ ಬರೋಣ. ಮೊದಲು ಎಲ್ಲ ಓವರ್‌ಕ್ಲಾಕ್ ತೆಗೆಯಿರಿ. ಆಫ್ಟರ್‌ಬರ್ನರ್ ರೀಸೆಟ್, ಬಯಾಸ್‌ನಲ್ಲಿ ಪ್ರೊಸೆಸರ್ ವೋಲ್ಟೇಜ್ ಮತ್ತು ಕ್ಲಾಕ್ ಆಟೋ, ಎಕ್ಸ್‌ಎಂಪಿ ಮಾತ್ರ ಆನ್. ಕ್ಯಾಬಿನೆಟ್‌ನ ಮುಂದಿನ ಜಾಲರಿ, ಹೀಟ್‌ಸಿಂಕ್ ಎರಡರ ದೂಳನ್ನೂ ಬ್ಲೋವರ್‌ನಿಂದ ತೆಗೆಯಿರಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿಂದ ಹಿಡಿದಿರಿ. ಆಮೇಲೆ ಗೇಮ್‌ನ ಅದೇ ಜಾಗದಲ್ಲಿ ಅರ್ಧ ಗಂಟೆ ಆಡಿ ಲಾಗ್ ತೆಗೆಯಿರಿ. ನಂತರ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಇನ್ನೊಮ್ಮೆ. ಬಾಗಿಲು ತೆಗೆದ ಮೇಲೆ ಬಿಸಿ 8–10 ಡಿಗ್ರಿ ಇಳಿದರೆ ತಪ್ಪು ಕಾರ್ಡ್‌ನದಲ್ಲ, ಗಾಳಿ ಆಡದ ಕ್ಯಾಬಿನೆಟ್‌ನದು. ಮುಂದೆ ಒಂದು ಫ್ಯಾನ್ ಸೇರಿಸಿದರೆ, ಮೇಜಿನ ಗೂಡಿನಿಂದ ಹೊರಗಿಟ್ಟರೆ ಅರ್ಧ ಕೆಲಸ ಆಯಿತು. ಕೋಣೆಯಲ್ಲಿ ನೀರಿನ ಏರ್ ಕೂಲರ್ ಇದ್ದರೆ ಒಳ್ಳೆಯದೇ, ಆದರೆ ಅದರ ಗಾಳಿ ನೇರ ಕ್ಯಾಬಿನೆಟ್‌ಗೆ ಹೊಡೆಯದಿರಲಿ. ಹಾರಿಬರುವ ಹನಿಗಳಲ್ಲಿ ನಮ್ಮ ಬೋರ್‌ವೆಲ್ ನೀರಿನ ಉಪ್ಪೂ ಇರುತ್ತದೆ, ಅದು ಬೋರ್ಡ್‌ಗೆ ಕೂತರೆ ತೆಗೆಯುವುದು ಕಷ್ಟ.

ಇಷ್ಟರಲ್ಲೇ ಸರಿಹೋದರೆ ಕಾರ್ಡ್ ಬಿಚ್ಚಬೇಡಿ. ಸಾಲದಿದ್ದರೆ ನಾನು ಎಲ್ಲಕ್ಕಿಂತ ಹೆಚ್ಚು ಒಪ್ಪುವ ದಾರಿ ಅಂಡರ್‌ವೋಲ್ಟ್, ಅಂದರೆ ಕಾರ್ಡ್‌ಗೆ ಕಡಿಮೆ ವೋಲ್ಟೇಜ್ ಕೊಡುವುದು. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ಗೆರೆ ತೆರೆಯುತ್ತದೆ. 0.9 ವೋಲ್ಟ್ ಸುತ್ತ 1800 ಮೆಗಾಹರ್ಟ್ಸ್ ಇಟ್ಟು, ಅದರ ಬಲಗಡೆಯ ಗೆರೆಯನ್ನು ಚಪ್ಪಟೆ ಮಾಡಿ. ನೋಡುವುದಕ್ಕೆ ಇದು ನಿಮ್ಮ 1900ಕ್ಕಿಂತ ಕಡಿಮೆ. ಆದರೆ ಇಪ್ಪತ್ತು ನಿಮಿಷ 1900 ಓಡಿ 1400ಕ್ಕೆ ಬೀಳುವ ಕಾರ್ಡ್‌ಗಿಂತ, ಮೂರು ಗಂಟೆ 1800ರಲ್ಲೇ ನಿಲ್ಲುವ ಕಾರ್ಡ್ ಯಾವಾಗಲೂ ವೇಗದ್ದು. ಇದರಿಂದ ಹಾರ್ಡ್‌ವೇರ್‌ಗೆ ಅಪಾಯವಿಲ್ಲ. ವೋಲ್ಟೇಜ್ ತೀರಾ ಕಡಿಮೆಯಾದರೆ ಗೇಮ್ ಕ್ರ್ಯಾಶ್ ಆಗುತ್ತದೆ, ಆಗ ಒಂದು ಹಂತ ಏರಿಸಿದರಾಯಿತು. ಗೆರೆಯ ತಲೆಬಿಸಿ ಬೇಡವೆನ್ನುವವರು ಪವರ್ ಲಿಮಿಟ್ ಅನ್ನು ಶೇ. 80ಕ್ಕೆ ಎಳೆದರೂ ಬಹುಪಾಲು ಫಲ ಸಿಗುತ್ತದೆ.

ಪ್ಯಾಡ್ ಬದಲಾವಣೆ ಇದಕ್ಕಿಂತ ದೊಡ್ಡ ಕೆಲಸ. ಮೆಮೊರಿ ನಿಜಕ್ಕೂ ಕುದಿಯುತ್ತಿದ್ದರೆ ಇದರಷ್ಟು ಫಲ ಕೊಡುವ ರಿಪೇರಿ ಇನ್ನೊಂದಿಲ್ಲ. ಅಪಾಯವಿರುವುದು ಪ್ಯಾಡ್‌ನ ದಪ್ಪದಲ್ಲಿ. ಒಂದೇ 3070 ಟಿಐ ಹೆಸರಿನ ಕಾರ್ಡ್‌ಗಳಲ್ಲೂ ಕಂಪನಿಯಿಂದ ಕಂಪನಿಗೆ 1, 1.5, 2 ಮಿಲಿಮೀಟರ್ ಎಂದು ಬದಲಾಗುತ್ತದೆ. ಕೆಲವು ಕಾರ್ಡ್‌ಗಳಲ್ಲಿ ಮುಂದೊಂದು ದಪ್ಪ, ಹಿಂದೊಂದು ದಪ್ಪ. ಅರ್ಧ ಮಿಲಿಮೀಟರ್ ಹೆಚ್ಚಾದರೆ ಹೀಟ್‌ಸಿಂಕ್ ಕೋರ್ ಮೇಲೆ ಕೂರುವುದಿಲ್ಲ. ಮೆಮೊರಿ ತಣ್ಣಗಾಗಿ ಕೋರ್ 90 ದಾಟುತ್ತದೆ. ಬಿಲ್ ಮೇಲೆ ವಾರಂಟಿ ಉಳಿದಿದೆಯೇ ಎಂದು ನೋಡಿದ ಮೇಲೆಯೇ ಸ್ಕ್ರೂ ಮುಟ್ಟಿ. ನಿಮ್ಮದೇ ಮಾದರಿಯ ಅಳತೆ ಖಚಿತವಾಗದಿದ್ದರೆ, ಕಾರ್ಡ್ ಬಿಚ್ಚುವುದನ್ನೇ ಕಸುಬಾಗಿ ಮಾಡುವವರ ಕೈಗೆ ಕೊಡಿ. ಫಾರ್ಮ್ಯಾಟ್ ಮಾಡಿ ನೋಡಿ ಎನ್ನುವ ಅಂಗಡಿಗೆ ಬೇಡ.

ಪ್ರೊಸೆಸರ್ ಓವರ್‌ಕ್ಲಾಕ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ರೈಜೆನ್ 5 3600ರಲ್ಲಿ ಅದನ್ನು ಬಿಟ್ಟುಬಿಡಿ. ತಾನಾಗಿ ಬೂಸ್ಟ್ ಮಾಡುವಾಗ ಗೇಮ್‌ನಲ್ಲಿ ಈ ಚಿಪ್ 4 ಗಿಗಾಹರ್ಟ್ಸ್ ಮೇಲೆಯೇ ಇರುತ್ತದೆ. ಉಳಿದ ಸ್ವಲ್ಪ ವೇಗಕ್ಕಾಗಿ ಎಲ್ಲ ಕೋರ್‌ಗಳಿಗೂ ಸದಾ 1.35 ವೋಲ್ಟ್ ಕೊಡುವುದು ಬಿಸಿಗೆ ಕರೆದು ಮಣೆ ಹಾಕಿದಂತೆ. ಇನ್ನೂ ಒಂದು ಮಾತಿದೆ. ಈ ಪೀಳಿಗೆಯ ರೈಜೆನ್‌ಗೆ ವೋಲ್ಟೇಜ್ ಸಾಲದಾದಾಗ ಕ್ರ್ಯಾಶ್ ಆಗುವ ಬದಲು ಕ್ಲಾಕನ್ನು ಹಿಗ್ಗಿಸಿಕೊಳ್ಳುವ, ಅಂದರೆ ಪ್ರತಿ ಮಿಡಿತವನ್ನೂ ಉದ್ದ ಮಾಡಿ ನಿಧಾನವಾಗುವ ಗುಣವಿದೆ. ಪರದೆ ಮೇಲೆ 4.2 ಎಂದೇ ಇರುತ್ತದೆ, ನಿಜವಾದ ಕೆಲಸ ಅದಕ್ಕಿಂತ ಕಡಿಮೆ. ಎಚ್‌ಡಬ್ಲ್ಯುಇನ್ಫೊದಲ್ಲಿ ‘ಎಫೆಕ್ಟಿವ್ ಕ್ಲಾಕ್’ ಎಂಬ ಬೇರೆ ಸಾಲು ಇರುವುದು ಇದಕ್ಕೇ. ಪೂರ್ತಿ ಲೋಡ್‌ನಲ್ಲಿ ಎರಡೂ ಸಾಲುಗಳ ನಡುವೆ ದೊಡ್ಡ ಅಂತರ ಕಂಡರೆ ನಿಮ್ಮ ಓವರ್‌ಕ್ಲಾಕ್ ಇರುವುದು ಪರದೆಯ ಅಂಕಿಯಲ್ಲಿ ಮಾತ್ರ. 3600 ಮೆಗಾಹರ್ಟ್ಸ್ ರ‍್ಯಾಮ್ ಮತ್ತು 1800ರ ಫ್ಯಾಬ್ರಿಕ್ ಸರಿಯಾಗಿ ಕೂತಿದ್ದರೆ ಈ ಪ್ರೊಸೆಸರ್‌ನಿಂದ ಗೇಮ್‌ಗೆ ಸಿಗಬೇಕಾದದ್ದರಲ್ಲಿ ಬಹುಪಾಲು ಸಿಕ್ಕಾಯಿತು.

ಕಾರ್ಡ್ ಮಾರುವ ವಿಚಾರ ಲಾಗ್ ನೋಡುವವರೆಗೂ ಬೇಡ. ಸ್ಟಾಕ್‌ನಲ್ಲಿ (ಓವರ್‌ಕ್ಲಾಕ್ ತೆಗೆದು) ಒಂದು, ಅಂಡರ್‌ವೋಲ್ಟ್ ಮಾಡಿ ಒಂದು, ಎರಡು ಲಾಗ್ ಫೈಲ್ ಕಳಿಸಿ. ಎರಡನ್ನೂ ಮಧ್ಯಾಹ್ನ ಮೂರರ ಹೊತ್ತಿಗೆ ತೆಗೆಯಿರಿ, ಕೋಣೆಯ ಬಿಸಿ ಎಷ್ಟಿತ್ತೆಂದೂ ಬರೆಯಿರಿ. ಮೆಮೊರಿ ಜಂಕ್ಷನ್ 100ರ ಕೆಳಗೆ ನಿಂತಿದ್ದರೆ ಕಾರ್ಡ್ ಬಿಚ್ಚದೆ ಹಾಗೇ ಬಳಸಿ. ಸ್ಟಾಕ್‌ನಲ್ಲೂ 108 ದಾಟುತ್ತಿದ್ದರೆ ಕಾರ್ಡ್‌ನ ಪೂರ್ತಿ ಮಾದರಿ ಸಂಖ್ಯೆ ತಿಳಿಸಿ, ಪ್ಯಾಡ್ ಅಳತೆ ಹುಡುಕುವ ಕೆಲಸ ಅಲ್ಲಿಂದ ಶುರುಮಾಡೋಣ.